ಸಣ್ಣ ಕಟ್ಟಳೆ, ದೊಡ್ಡ ಚಿತ್ತಾರ

ಎಲ್ಲಿ ಒಂದು ಕ್ರಮವು ಕಾಣುತ್ತದೆಯೋ ಅಲ್ಲಿ ಆ ಕ್ರಮವನ್ನು ವಿಧಿಸಿದವನೊಬ್ಬನು ಇದ್ದೇ ಇರಬೇಕೆಂದು ಭಾವಿಸುವುದು ಮನುಷ್ಯನಿಗೆ ಸಹಜವಾದುದು. ಗಂಟೆ ಬಾರಿಸಿದೊಡನೆ ಮಕ್ಕಳು ಸಾಲಾಗಿ ನಿಲ್ಲುವುದನ್ನು ಕಂಡವರು ಉಪಾಧ್ಯಾಯರ ಅಪ್ಪಣೆಯನ್ನು ನೆನೆಯುತ್ತಾರೆ. ಅಂದವಾದ ಕಟ್ಟಡವನ್ನು ಕಂಡವರು ಅದನ್ನು ಕಟ್ಟಿಸಿದ ಮೇಸ್ತ್ರಿಯನ್ನು ಕೊಂಡಾಡುತ್ತಾರೆ. ಇದು ತಪ್ಪಲ್ಲ. ಆದರೆ ಅಪ್ಪಣೆ ಕೊಡುವವನು ಯಾರೂ ಇಲ್ಲದೆ, ಮುಂಚಿತವಾಗಿ ಬರೆದ ನಕ್ಷೆಯೂ ಇಲ್ಲದೆ, ತಾನಾಗಿಯೇ ರೂಪುಗೊಳ್ಳುವ ಇನ್ನೊಂದು ಬಗೆಯ ಕ್ರಮವೂ ಲೋಕದಲ್ಲಿ ಉಂಟು.

ಬತ್ತಲಗುಂಡಿನ ಸುತ್ತಿನ ಹೊಲಗದ್ದೆಗಳಲ್ಲಿ ಕೊಯ್ಲು ಮುಗಿದ ಮೇಲೆ ಹುಟ್ಟಿಕೊಳ್ಳುವ ಕಾಲುದಾರಿಯನ್ನು ನೋಡಿರಿ. ಅದನ್ನು ಯಾರೂ ಅಳೆದು ಹಾಕಿದವರಲ್ಲ. ಮೊದಲನೆಯವನು ತನಗೆ ಹತ್ತಿರವೆಂದು ತೋರಿದೆಡೆಯಲ್ಲಿ ನಡೆದುಹೋಗುತ್ತಾನೆ. ಅವನ ಕಾಲಡಿಯ ಕೂಳೆ ಸ್ವಲ್ಪ ಬಾಗುತ್ತದೆ. ಎರಡನೆಯವನು ಬಾಗಿದೆಡೆಯಲ್ಲಿ ಕಾಲಿಡುವುದು ಸುಲಭವೆಂದು ಅಲ್ಲಿಯೇ ನಡೆಯುತ್ತಾನೆ. ಹತ್ತನೆಯವನು ಬರುವ ಹೊತ್ತಿಗೆ ಒಂದು ಗೆರೆ ಮೂಡಿರುತ್ತದೆ. ನೂರನೆಯವನಿಗೆ ಅದು ಊರಿನ ದಾರಿ. ಪ್ರತಿಯೊಬ್ಬನೂ ತನ್ನ ಪಾದದ ಮುಂದಿನ ಒಂದು ಮಾರು ನೆಲವನ್ನಷ್ಟೇ ನೋಡಿದನು. ಆದರೂ ಊರಿಂದೂರಿಗೆ ದಾರಿಯಾಯಿತು.

ಈ ಬಗೆಯ ಕ್ರಮಕ್ಕೆ ಮೂರು ಅಂಗಗಳುಂಟು. ಮೊದಲನೆಯದಾಗಿ, ಅಂಶಗಳು ಬಹುಸಂಖ್ಯೆಯಲ್ಲಿರಬೇಕು: ಅವು ಎಳೆಗಳಾಗಿರಬಹುದು, ಇರುವೆಗಳಾಗಿರಬಹುದು, ಮನುಷ್ಯರೂ ಆಗಿರಬಹುದು. ಎರಡನೆಯದಾಗಿ, ಪ್ರತಿಯೊಂದೂ ತನ್ನ ನೆರೆಯನ್ನು ಮಾತ್ರ ಗಮನಿಸಿ ಒಂದು ಸಣ್ಣ ಕಟ್ಟಳೆಯನ್ನು ಪಾಲಿಸಬೇಕು. ಮೂರನೆಯದಾಗಿ, ಆ ಪಾಲನೆ ಮತ್ತೆ ಮತ್ತೆ ನಡೆಯಬೇಕು. ಈ ಮೂರೂ ಕೂಡಿದಾಗ, ಕಟ್ಟಳೆಯಲ್ಲಿ ಎಲ್ಲಿಯೂ ಹೇಳದಿದ್ದ ಒಂದು ವಿನ್ಯಾಸವು ಒಟ್ಟಿನಲ್ಲಿ ಕಾಣಿಸಿಕೊಳ್ಳುತ್ತದೆ. ಈ ಮಾತನ್ನು ನಮಗೆ ಪರಿಚಿತವಾದ ಕೆಲವು ಉದಾಹರಣೆಗಳಿಂದ ಪರೀಕ್ಷಿಸೋಣ.

ನೇಯ್ಗೆಯಿಂದಲೇ ಆರಂಭಿಸಬಹುದು. ಮಗ್ಗದ ಮೇಲೆ ನೀಳವಾಗಿ ಬಿಗಿದ ಎಳೆಗಳು ಹಾಸು. ಲಾಳಿಯೊಡನೆ ಅಡ್ಡಲಾಗಿ ಹರಿಯುವ ಎಳೆ ಹೊಕ್ಕು. ಹೊಕ್ಕಿನ ಎಳೆ ಒಂದು ಹಾಸಿನ ಮೇಲೆ, ಮುಂದಿನದರ ಕೆಳಗೆ ಹೋಗುತ್ತ, ಮರುಸಾಲಿನಲ್ಲಿ ಅದಲುಬದಲಾದರೆ ಸಾದಾ ಬಟ್ಟೆಯಾಗುತ್ತದೆ. ಈಗ ಕಟ್ಟಳೆಯನ್ನು ಒಂದಿಷ್ಟು ಬದಲಿಸೋಣ: ಹೊಕ್ಕು ಎರಡು ಎಳೆಗಳ ಮೇಲೆ, ಎರಡು ಎಳೆಗಳ ಕೆಳಗೆ ಹೋಗಲಿ, ಪ್ರತಿ ಹೊಸ ಸಾಲೂ ಹಿಂದಿನ ಸಾಲಿಗಿಂತ ಒಂದೇ ಒಂದು ಎಳೆಯಷ್ಟು ಬಲಕ್ಕೆ ಸರಿಯಲಿ. ಇಷ್ಟೇ ಮಾತು. ಕೆಲವು ಸಾಲುಗಳಾಗುವಷ್ಟರಲ್ಲಿ ಬಟ್ಟೆಯ ಮೇಲೆ ಓರೆಯಾದ ಗೆರೆಗಳು ಎದ್ದು ಕಾಣುತ್ತವೆ. ಕಾಕಿ ಡ್ರಿಲ್ ಬಟ್ಟೆಯಲ್ಲಿಯೂ ಇಂದಿನ ತರುಣರು ತೊಡುವ ಜೀನ್ಸ್ ಬಟ್ಟೆಯಲ್ಲಿಯೂ ಕಾಣುವ ಓರೆಗೆರೆ ಈ ಜಾತಿಯದೇ. ಕಟ್ಟಳೆಯಲ್ಲಿ ಓರೆ ಎಂಬ ಮಾತೇ ಇಲ್ಲ; ಮೇಲೆ, ಕೆಳಗೆ, ಒಂದೆಳೆ ಪಕ್ಕಕ್ಕೆ ಎಂಬುದಷ್ಟೇ ಇದೆ. ಗೆರೆಯು ಯಾವೊಂದು ಎಳೆಯಲ್ಲಿಯೂ ಇಲ್ಲ. ಎಳೆ ಎಳೆಗಳ ಸಂಬಂಧದಲ್ಲಿದೆ.

ಎರಡನೆಯ ಉದಾಹರಣೆಯನ್ನು ವಿದ್ಯಾರ್ಥಿಗಳು ಚೌಕುಳಿ ಹಾಳೆಯ ಮೇಲೆ ತಾವೇ ಮಾಡಿ ನೋಡಬಹುದು. ಪಿಂಗಳನ ಛಂದಶ್ಶಾಸ್ತ್ರಕ್ಕೆ ಹತ್ತನೆಯ ಶತಮಾನದಲ್ಲಿ ವ್ಯಾಖ್ಯಾನ ಬರೆದ ಹಲಾಯುಧನು ಮೇರುಪ್ರಸ್ತಾರವೆಂಬ ಒಂದು ಲೆಕ್ಕವನ್ನು ವಿವರಿಸಿದ್ದಾನೆ. ತುದಿಯಲ್ಲಿ ಒಂದು ಮನೆಯನ್ನು ಬರೆದು ಅದರಲ್ಲಿ ೧ ಎಂದಿಡಬೇಕು. ಅದರ ಕೆಳಗೆ ಎರಡು ಮನೆ, ಅದರ ಕೆಳಗೆ ಮೂರು, ಹೀಗೆ ಪರ್ವತಾಕಾರವಾಗಿ ಇಳಿಯಬೇಕು. ಅಂಚಿನ ಮನೆಗಳಲ್ಲೆಲ್ಲ ೧. ಒಳಗಿನ ಮನೆಯಲ್ಲಿ ಅದರ ತಲೆಯ ಮೇಲಿನ ಎರಡು ಮನೆಗಳ ಮೊತ್ತ. ಆಗ ಮೂರನೆಯ ಸಾಲು ೧, ೨, ೧ ಎಂದೂ, ನಾಲ್ಕನೆಯದು ೧, ೩, ೩, ೧ ಎಂದೂ, ಐದನೆಯದು ೧, ೪, ೬, ೪, ೧ ಎಂದೂ ಬರುತ್ತದೆ. ಯುರೋಪಿನಲ್ಲಿ ಇದೇ ಲೆಕ್ಕವು ಹದಿನೇಳನೆಯ ಶತಮಾನದ ಪ್ಯಾಸ್ಕಲನ ಹೆಸರಿನಿಂದ ಪ್ರಸಿದ್ಧವಾಗಿದೆ.

ಛಂದಸ್ಸಿಗೂ ಇದಕ್ಕೂ ಏನು ಸಂಬಂಧವೆಂದು ಕೇಳಬಹುದು. ಮೂರಕ್ಷರದ ಗಣಗಳು ಎಂಟೆಂಬುದನ್ನು ನಮ್ಮ ಮಕ್ಕಳು ಬಾಯಿಪಾಠ ಮಾಡಿರುತ್ತಾರೆ. ಅವುಗಳಲ್ಲಿ ಮೂರೂ ಗುರುವಾಗಿರುವುದು ಮಗಣವೊಂದೇ. ಎರಡು ಗುರುಗಳಿರುವುವು ಯಗಣ, ರಗಣ, ತಗಣಗಳೆಂಬ ಮೂರು. ಒಂದೇ ಗುರುವಿರುವುವು ಭಗಣ, ಜಗಣ, ಸಗಣಗಳೆಂಬ ಮೂರು. ಗುರುವೇ ಇಲ್ಲದ್ದು ನಗಣವೊಂದು. ಒಂದು, ಮೂರು, ಮೂರು, ಒಂದು: ಮೇರುವಿನ ನಾಲ್ಕನೆಯ ಸಾಲು ಇದೇ ಅಲ್ಲವೆ? ಪದ್ಯದ ಅಕ್ಷರಗಳನ್ನು ಎಣಿಸಹೊರಟ ಪ್ರಾಚೀನರು ಒಂದು ಚಿಕ್ಕ ಕೂಡಿಸುವ ಕಟ್ಟಳೆಯಿಂದ ಇಷ್ಟು ದೂರ ಬಂದಿದ್ದರು.

ಈಗ ಒಂದು ಹೆಜ್ಜೆ ಮುಂದೆ ಹೋಗೋಣ. ಮೇರುವಿನಲ್ಲಿ ಬೆಸಸಂಖ್ಯೆಯಿರುವ ಮನೆಗಳಿಗೆಲ್ಲ ಮಸಿ ತುಂಬಿ, ಸಮಸಂಖ್ಯೆಯ ಮನೆಗಳನ್ನು ಬಿಳಿಯಾಗಿ ಬಿಡಿರಿ. ಇದಕ್ಕೆ ದೊಡ್ಡ ಸಂಖ್ಯೆಗಳನ್ನು ಕೂಡಿಸುವ ಶ್ರಮವೂ ಬೇಕಿಲ್ಲ. ಅಂಚಿನ ಮನೆಗಳಿಗೆ ಮಸಿ. ಒಳಗಿನ ಮನೆಗೆ, ತಲೆಯ ಮೇಲಿನ ಎರಡರಲ್ಲಿ ಒಂದು ಮಾತ್ರ ಮಸಿಯಾಗಿದ್ದರೆ ಮಸಿ, ಎರಡೂ ಮಸಿಯಾಗಿದ್ದರೆ ಅಥವಾ ಎರಡೂ ಬಿಳಿಯಾಗಿದ್ದರೆ ಬಿಳಿ. ಹದಿನಾರು ಸಾಲುಗಳನ್ನು ತಾಳ್ಮೆಯಿಂದ ತುಂಬಿದವರಿಗೆ ತ್ರಿಕೋನದೊಳಗೆ ತ್ರಿಕೋನ, ಅದರೊಳಗೆ ಮತ್ತೂ ಚಿಕ್ಕ ತ್ರಿಕೋನ, ನಡುನಡುವೆ ತಲೆಕೆಳಗಾದ ಬಿಳಿಯ ತ್ರಿಕೋನಗಳು, ಹೀಗೆ ಒಂದು ಚಿತ್ತಾರವು ದೊರೆಯುತ್ತದೆ. ಎಣಿಸಿ ನೋಡಿದರೆ, ಮೊದಲ ಎರಡು ಸಾಲುಗಳಲ್ಲಿ ಮಸಿಯ ಮನೆಗಳು ೩. ನಾಲ್ಕು ಸಾಲುಗಳಲ್ಲಿ ೯. ಎಂಟು ಸಾಲುಗಳಲ್ಲಿ ೨೭. ಹದಿನಾರು ಸಾಲುಗಳ ೧೩೬ ಮನೆಗಳಲ್ಲಿ ೮೧. ಸಾಲುಗಳು ಇಮ್ಮಡಿಯಾದಂತೆಲ್ಲ ಮಸಿಯ ಮನೆಗಳು ಮುಮ್ಮಡಿಯಾಗುತ್ತವೆ. ತ್ರಿಕೋನದೊಳಗೆ ತ್ರಿಕೋನ ಬರೆ ಎಂದು ಯಾವ ಮನೆಗೂ ಯಾರೂ ಹೇಳಲಿಲ್ಲ. ಪ್ರತಿಯೊಂದು ಮನೆಯೂ ತನ್ನ ತಲೆಯ ಮೇಲಿನ ಇಬ್ಬರನ್ನು ಮಾತ್ರ ಕೇಳಿತು.

ಇದೇ ತತ್ತ್ವವನ್ನು ಇಂಗ್ಲೆಂಡಿನ ಗಣಿತಜ್ಞ ಜಾನ್ ಕಾನ್ವೆ ಎಂಬವರು ಇನ್ನಷ್ಟು ಬೆಳೆಸಿದರು. ಅವರ ‘ಜೀವದಾಟ’ವು ೧೯೭೦ರಲ್ಲಿ ಮಾರ್ಟಿನ್ ಗಾರ್ಡ್ನರ್ ಅವರ ಲೇಖನದ ಮೂಲಕ ಲೋಕಕ್ಕೆ ಪರಿಚಿತವಾಯಿತು. ಚೌಕುಳಿ ಹಾಳೆಯ ಪ್ರತಿ ಮನೆಗೂ ಎಂಟು ನೆರೆಮನೆಗಳು. ತುಂಬಿದ ಮನೆಗೆ ತುಂಬಿದ ನೆರೆ ಎರಡೋ ಮೂರೋ ಇದ್ದರೆ ಅದು ಉಳಿಯುತ್ತದೆ, ಇಲ್ಲದಿದ್ದರೆ ಬರಿದಾಗುತ್ತದೆ. ಬರಿಯ ಮನೆಗೆ ಸರಿಯಾಗಿ ಮೂರು ತುಂಬಿದ ನೆರೆಗಳಿದ್ದರೆ ಅದು ತುಂಬುತ್ತದೆ. ಇಲ್ಲಿ ಚಲನೆಯ ಮಾತೇ ಇಲ್ಲ. ಆದರೂ ಐದು ಮನೆಗಳ ಒಂದು ಆಕೃತಿಯು ನಾಲ್ಕು ಸರದಿಗಳಿಗೊಮ್ಮೆ ಮೊದಲಿನ ರೂಪವನ್ನೇ ತಾಳಿ ಓರೆಯಾಗಿ ಒಂದು ಮನೆಯಷ್ಟು ಮುಂದೆ ಸರಿದಿರುತ್ತದೆ. ಹುಳುವೊಂದು ಹಾಳೆಯ ಮೇಲೆ ಹರಿದಂತೆ ತೋರುತ್ತದೆ.

ಇವೆಲ್ಲ ಎಳೆಯ ಮಾತು, ಹಾಳೆಯ ಮಾತು; ಜೀವಲೋಕದಲ್ಲಿ ಹೀಗುಂಟೇ ಎಂದು ವಾಚಕರು ಕೇಳಬಹುದು. ಅಡುಗೆಮನೆಯ ಬೆಲ್ಲದ ಡಬ್ಬಿಗೆ ಸಾಲುಗಟ್ಟುವ ಇರುವೆಗಳೇ ಇದಕ್ಕೆ ಉತ್ತರ. ರಾಣಿಯಿರುವೆಯು ಹೆಸರಿಗೆ ರಾಣಿ. ಅದು ಮೊಟ್ಟೆಯಿಡುತ್ತದೆಯೇ ಹೊರತು ದಾರಿ ತೋರಿಸುವುದಿಲ್ಲ. ಅನೇಕ ಜಾತಿಯ ಇರುವೆಗಳು ನಡೆಯುವಾಗ ನೆಲದ ಮೇಲೆ ಒಂದು ಗಂಧದ್ರವ್ಯವನ್ನು ಸವರುತ್ತ ಹೋಗುತ್ತವೆ. ಗಂಧವು ಹೆಚ್ಚಾಗಿರುವ ಕಡೆಗೆ ತಿರುಗು ಎಂಬುದೇ ಅವುಗಳ ಕಟ್ಟಳೆ. ಬೆಲ್ಜಿಯಂ ದೇಶದ ಬ್ರಸೆಲ್ಸ್ ನಗರದಲ್ಲಿ ದೆನೂಬೂರ್ಗ್ ಮತ್ತು ಅವರ ಸಂಗಡಿಗರು ಇದನ್ನು ಪ್ರಯೋಗದಿಂದ ತೋರಿಸಿ ೧೯೮೯ರಲ್ಲಿ ಪ್ರಕಟಿಸಿದರು. ಗೂಡಿಗೂ ಆಹಾರಕ್ಕೂ ನಡುವೆ ಎರಡು ಸೇತುವೆಗಳನ್ನಿಟ್ಟರು. ಒಂದು ಇನ್ನೊಂದರ ಎರಡರಷ್ಟು ಉದ್ದ. ಮೊದಮೊದಲು ಇರುವೆಗಳು ಎರಡರಲ್ಲಿಯೂ ಹೋದವು. ಆದರೆ ಗಿಡ್ಡ ಸೇತುವೆಯಲ್ಲಿ ಹೋದವು ಬೇಗ ತಲಪಿ ಬೇಗ ಮರಳಿದುದರಿಂದ ಅಲ್ಲಿ ಗಂಧವು ಬೇಗ ಕೂಡಿತು. ಗಂಧ ಕೂಡಿದುದರಿಂದ ಇನ್ನಷ್ಟು ಇರುವೆಗಳು ಅತ್ತ ತಿರುಗಿದವು. ಸ್ವಲ್ಪ ಹೊತ್ತಿನಲ್ಲಿ ಬಹುಪಾಲು ಇರುವೆಗಳು ಹತ್ತಿರದ ದಾರಿಯನ್ನೇ ಹಿಡಿದವು. ಯಾವ ಇರುವೆಯೂ ಎರಡು ದಾರಿಗಳನ್ನು ಅಳೆದು ತೂಗಿ ನೋಡಿರಲಿಲ್ಲ.

ಈ ಪ್ರಯೋಗಕ್ಕೆ ಇನ್ನೊಂದು ಮುಖವೂ ಉಂಟು. ನಮ್ಮ ವಿಷಯಕ್ಕೆ ಅದು ಬಹಳ ಮುಖ್ಯವಾದುದು. ಮೊದಲು ಉದ್ದದ ಸೇತುವೆಯೊಂದನ್ನೇ ಕೊಟ್ಟು, ಇರುವೆಗಳು ಅದರಲ್ಲಿ ಪಳಗಿದ ಮೇಲೆ ಹತ್ತಿರದ ಸೇತುವೆಯನ್ನು ಇಟ್ಟರೆ, ಅವು ಹಳೆಯ ದಾರಿಯಲ್ಲಿಯೇ ನಡೆಯುತ್ತ ಉಳಿದವು. ಮೊದಲಿನ ದಾರಿಯ ಗಂಧವು ಅಷ್ಟು ಬಲಿತಿತ್ತು. ಒಂದೇ ಕಟ್ಟಳೆಯು ಒಂದು ಸಂದರ್ಭದಲ್ಲಿ ಜಾಣತನವಾಗಿಯೂ ಇನ್ನೊಂದು ಸಂದರ್ಭದಲ್ಲಿ ಮೊಂಡುತನವಾಗಿಯೂ ಪರಿಣಮಿಸಿತು. ಆದಕಾರಣ, ತಾನಾಗಿ ಹುಟ್ಟಿದ ಕ್ರಮವೆಲ್ಲ ಒಳ್ಳೆಯದೇ ಎಂದು ತಿಳಿಯಕೂಡದು.

ಮನುಷ್ಯರ ವಿಷಯದಲ್ಲಿ ಈ ಎಚ್ಚರವು ಇನ್ನೂ ಹೆಚ್ಚಾಗಿ ಬೇಕು. ಅಮೆರಿಕದ ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ ಅವರು ೧೯೭೧ರಲ್ಲಿ ಒಂದು ಸರಳವಾದ ವಿಚಾರವನ್ನು ಮುಂದಿಟ್ಟರು. ಮುಂದೆ ೨೦೦೫ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವೂ ದೊರೆಯಿತು. ಚದುರಂಗದಂತಹ ಹಲಗೆಯ ಮೇಲೆ ಎರಡು ಬಗೆಯ ನಾಣ್ಯಗಳನ್ನು ಬೆರಸಿ ಹರಡಬೇಕು. ಪ್ರತಿ ನಾಣ್ಯದ ಬಯಕೆಯೂ ಮಿತವಾದುದೇ: ನೆರೆಯವರಲ್ಲಿ ಮೂರರಲ್ಲೊಂದು ಪಾಲಾದರೂ ತನ್ನವರಿದ್ದರೆ ಸಾಕು, ಇಲ್ಲದಿದ್ದರೆ ಬೇರೆ ಖಾಲಿ ಮನೆಗೆ ಹೋಗುವೆನು. ಇತರರನ್ನು ದ್ವೇಷಿಸುವವರು ಯಾರೂ ಇಲ್ಲಿಲ್ಲ. ಆದರೂ ಆಟವನ್ನು ಮುಂದುವರಿಸಿದರೆ ಹಲಗೆಯು ಎರಡು ಬಗೆಯ ಕೇರಿಗಳಾಗಿ ಒಡೆದುಹೋಗುತ್ತದೆ. ಯಾರೂ ಬಯಸದ ಒಡಕನ್ನು ಎಲ್ಲರೂ ಸೇರಿ ಉಂಟುಮಾಡಿದಂತಾಯಿತು.

ಈ ತಿಳಿವಳಿಕೆಯ ಬೆಳಕಿನಲ್ಲಿ ಈಗ ನಮ್ಮ ಮನೆಯ ಮಾತನ್ನೇ ನೋಡೋಣ. ಕಂಬಂ ಕಣಿವೆಯಲ್ಲಿ ಕಪ್ಪಿಲಿಯರೆಂದು ಕರೆಯಲ್ಪಡುವ ಒಕ್ಕಲಿಗರೂ, ತಮಿಳುನಾಡಿನ ನೇಕಾರರ ಊರುಗಳಲ್ಲಿರುವ ಕನ್ನಡ ದೇವಾಂಗರೂ ತಲೆಮಾರುಗಳಿಂದ ಮನೆಯಲ್ಲಿ ಕನ್ನಡವನ್ನಾಡುತ್ತ ಬಂದಿದ್ದಾರೆ. ಅವರಲ್ಲಿ ಬಹುಮಂದಿಯ ಓದುಬರಹ ತಮಿಳಿನಲ್ಲಿ. ಪೇಟೆ ಕಚೇರಿಗಳ ವ್ಯವಹಾರ ತಮಿಳಿನಲ್ಲಿ. ಹೀಗಿದ್ದೂ ಆ ನುಡಿಯನ್ನು ಉಳಿಸಿದ್ದು ಯಾವ ಅರಸನ ಶಾಸನ? ಯಾವ ಸರಕಾರದ ಆಜ್ಞೆ? ಯಾವುದೂ ಅಲ್ಲ. ಮನೆಯೊಳಗೆ ಮಕ್ಕಳೊಡನೆ ನಮ್ಮ ಮಾತು ಎಂಬ ಅಜ್ಜಿಯರ ಒಂದು ಸಣ್ಣ ಕಟ್ಟಳೆಯೇ ಅದನ್ನು ಉಳಿಸಿದ್ದು. ಒಬ್ಬೊಬ್ಬ ತಾಯಿಯೂ ತನ್ನ ತೊಟ್ಟಿಲ ಮುಂದೆ ಪಾಲಿಸಿದ ಕಟ್ಟಳೆಯಿಂದ ಒಂದು ಜನಸಮುದಾಯದ ಭಾಷೆಯು ತಾಯ್ನೆಲದಿಂದ ಇಷ್ಟು ದೂರದಲ್ಲಿ ನಿಂತಿತು.

ಹಾಗಾದರೆ ಅದು ಕ್ಷೀಣಿಸುವ ಬಗೆ ಯಾವುದು? ಅದೂ ಆಜ್ಞೆಯಿಂದಲ್ಲ. ನಮ್ಮಲ್ಲಿ ಇನ್ನೊಂದು ಸೌಜನ್ಯದ ಕಟ್ಟಳೆಯುಂಟು: ಕೂಡಿದವರಲ್ಲಿ ಒಬ್ಬರಿಗೆ ಕನ್ನಡ ತಿಳಿಯದಿದ್ದರೂ ಎಲ್ಲರೂ ತಮಿಳಿನಲ್ಲಿ ಮಾತಾಡುವುದು. ಇದು ಸಜ್ಜನಿಕೆಯೇ, ಯಾರೂ ಇದನ್ನು ದೋಷವೆನ್ನಲಾರರು. ಆದರೆ ಇದರ ಫಲವನ್ನು ಲೆಕ್ಕಹಾಕಿ ನೋಡಿರಿ. ಹತ್ತರಲ್ಲಿ ಒಂಬತ್ತು ಮಂದಿ ಕನ್ನಡ ಬಲ್ಲ ಒಂದು ಬಳಗವನ್ನು ಊಹಿಸೋಣ. ಆರಿಸದೆ ಯಾರಾದರೂ ಆರು ಮಂದಿ ಒಂದೆಡೆ ಕೂಡಿದಾಗ, ಆರೂ ಮಂದಿ ಕನ್ನಡ ಬಲ್ಲವರಾಗಿರುವ ಸಂಭವವೆಷ್ಟು? ಹತ್ತರಲ್ಲಿ ಒಂಬತ್ತು ಎಂಬ ಭಿನ್ನರಾಶಿಯನ್ನು ಆರು ಸಲ ಗುಣಿಸಬೇಕು. ನೂರಕ್ಕೆ ಸುಮಾರು ೫೩ ಎಂದು ಬರುತ್ತದೆ. ಎಂದರೆ, ಹತ್ತರಲ್ಲಿ ಒಂಬತ್ತು ಮಂದಿಗೆ ಕನ್ನಡ ಬಂದರೂ ಹೆಚ್ಚುಕಡಿಮೆ ಅರ್ಧದಷ್ಟು ಕೂಟಗಳು ತಮಿಳಿನಲ್ಲಿಯೇ ನಡೆಯುತ್ತವೆ. ಬಲ್ಲವರು ಹತ್ತರಲ್ಲಿ ಎಂಟಕ್ಕೆ ಇಳಿದರೆ ನೂರರಲ್ಲಿ ೨೬ ಕೂಟಗಳು ಮಾತ್ರ ಕನ್ನಡದವು. ಏಳಕ್ಕೆ ಇಳಿದರೆ ಸುಮಾರು ೧೨. ಐದಕ್ಕೆ ಇಳಿದರೆ ನೂರರಲ್ಲಿ ಎರಡೂ ಪೂರ್ಣವಾಗಿ ಉಳಿಯುವುದಿಲ್ಲ.

ಬಲ್ಲವರು ಸ್ವಲ್ಪವೇ ಕಡಮೆಯಾದರೂ ಮಾತು ಬಹಳ ಕಡಮೆಯಾಗುತ್ತದೆಯೆಂಬುದು ಇದರಿಂದ ಸ್ಪಷ್ಟ. ಇಷ್ಟಕ್ಕೇ ಮುಗಿಯುವುದಿಲ್ಲ. ಕೂಟಗಳಲ್ಲಿ ಕನ್ನಡವು ಕಿವಿಗೆ ಬೀಳದಿದ್ದರೆ ಬೆಳೆಯುವ ಮಕ್ಕಳಿಗೆ ಅದು ನಾಲಗೆಗೆ ಹತ್ತುವುದಿಲ್ಲ. ಮುಂದಿನ ತಲೆಮಾರಿನಲ್ಲಿ ಬಲ್ಲವರ ಪ್ರಮಾಣವು ಮತ್ತೂ ಇಳಿಯುತ್ತದೆ. ಕೂಟಗಳು ಇನ್ನೂ ಕಡಮೆಯಾಗುತ್ತವೆ. ಇರುವೆ ನಡೆಯದ ದಾರಿಯ ಗಂಧವು ಆರಿಹೋಗುವಂತೆ ಆಡದ ಮಾತು ಆರಿಹೋಗುತ್ತದೆ. ಅಜ್ಜಿಯು ಕನ್ನಡದಲ್ಲಿ ಕೇಳಿದ್ದಕ್ಕೆ ಮೊಮ್ಮಗಳು ತಮಿಳಿನಲ್ಲಿ ಉತ್ತರ ಕೊಡುವ ಮನೆಯಲ್ಲಿ ಯಾರೂ ಭಾಷೆಯನ್ನು ತೊರೆಯಬೇಕೆಂದು ಎಣಿಸಿದವರಲ್ಲ. ಶೆಲ್ಲಿಂಗ್ ಅವರ ನಾಣ್ಯಗಳಂತೆ, ಎಲ್ಲರೂ ಒಳ್ಳೆಯವರಾಗಿದ್ದೇ ಯಾರೂ ಬಯಸದ ಫಲವನ್ನು ತಂದುಕೊಂಡಿರುತ್ತಾರೆ. ಆದುದರಿಂದ ಇದಕ್ಕಾಗಿ ಮಗುವನ್ನು ಗದರುವುದೂ, ನೆರೆಯವರನ್ನು ದೂರುವುದೂ, ತಮಿಳನ್ನು ಹಳಿಯುವುದೂ ಅನ್ಯಾಯ. ತಮಿಳು ನಮಗೆ ಅನ್ನವಿಕ್ಕುವ ನೆಲದ ನುಡಿ; ಅದನ್ನು ಚೆನ್ನಾಗಿ ಕಲಿಯದವನು ಇಲ್ಲಿ ಬಾಳಲಾರನು. ದೋಷವು ಜನರಲ್ಲಿಲ್ಲ, ಕಟ್ಟಳೆಯನ್ನು ಪಾಲಿಸುವ ರೀತಿಯಲ್ಲಿದೆ.

ಕಟ್ಟಳೆಯನ್ನು ಒಂದೆಳೆಯಷ್ಟು ಸರಿಸಿದರೆ ನೇಯ್ಗೆಯ ಗೆರೆ ಬದಲಾಗುವುದನ್ನು ಮೇಲೆ ಕಂಡೆವು. ಇಲ್ಲಿಯೂ ಹಾಗೆಯೇ ಮಾಡಿ ನೋಡೋಣ. ಕನ್ನಡ ತಿಳಿಯದವರೊಡನೆ ಅವರ ಭಾಷೆಯಲ್ಲಿಯೇ ಮಾತಾಡೋಣ. ಆದರೆ ಕನ್ನಡ ಬಲ್ಲ ಇಬ್ಬರು ತಮ್ಮಿಬ್ಬರೊಳಗಿನ ಮಾತನ್ನು, ಗುಂಪಿನ ನಡುವೆಯೂ, ಕನ್ನಡದಲ್ಲಿಯೇ ಆಡಿ, ಪಕ್ಕದವರಿಗೆ ಬೇಕಾದುದನ್ನು ತಮಿಳಿನಲ್ಲಿ ತಿಳಿಸಲಿ. ಎಂದರೆ, ಭಾಷೆಯನ್ನು ನಿರ್ಧರಿಸುವುದು ಆರು ಮಂದಿಯ ಗುಂಪಲ್ಲ, ಮುಖಾಮುಖಿಯಾದ ಇಬ್ಬರು. ಈಗ ಲೆಕ್ಕವೇನಾಗುತ್ತದೆ? ಹತ್ತರಲ್ಲಿ ಏಳು ಮಂದಿ ಬಲ್ಲವರಾಗಿದ್ದರೆ, ಮೊದಲಿನ ಕಟ್ಟಳೆಯಲ್ಲಿ ನೂರಕ್ಕೆ ೧೨ ಆಗಿದ್ದುದು ಈಗ ೪೯ ಆಗುತ್ತದೆ. ಅರ್ಧ ಮಂದಿ ಮಾತ್ರ ಬಲ್ಲವರಾಗಿದ್ದರೂ ನಾಲ್ಕು ಮಾತುಕತೆಗಳಲ್ಲಿ ಒಂದು ಕನ್ನಡದಲ್ಲಿ ಉಳಿಯುತ್ತದೆ. ಜನರು ಅವರೇ, ಅವರ ತಿಳಿವಳಿಕೆಯೂ ಅಷ್ಟೇ. ಬದಲಾದುದು ಒಂದು ಸಣ್ಣ ಕಟ್ಟಳೆ ಮಾತ್ರ.

ಮನುಷ್ಯರು ನಾಣ್ಯಗಳಂತೆ ಹಲಗೆಯ ಮೇಲಿರುವವರಲ್ಲ, ಇಂತಹ ಲೆಕ್ಕವು ಜೀವನವನ್ನು ಪೂರ್ತಿಯಾಗಿ ಹಿಡಿಯಲಾರದು ಎಂದು ಕೆಲವರು ಆಕ್ಷೇಪಿಸಬಹುದು. ಆ ಆಕ್ಷೇಪವು ಸರಿಯಾದುದೇ. ಮದುವೆ, ಉದ್ಯೋಗ, ಓದು, ಮೊಬೈಲು, ದೂರದರ್ಶನ ಮೊದಲಾದ ನೂರು ಸಂಗತಿಗಳು ಮಾತಿನ ಮೇಲೆ ತಮ್ಮ ಒತ್ತಡವನ್ನು ಹಾಕುತ್ತವೆ. ಆದರೆ ಲೆಕ್ಕವು ಒಂದು ವಿಷಯವನ್ನು ಖಂಡಿತವಾಗಿ ತಿಳಿಸುತ್ತದೆ: ದೊಡ್ಡ ಫಲಕ್ಕೆ ದೊಡ್ಡ ಕಾರಣವೇ ಇರಬೇಕೆಂಬ ನಿಯಮವಿಲ್ಲ. ಇರುವೆಗಳಿಗಿಲ್ಲದ ಒಂದು ಶಕ್ತಿಯೂ ನಮಗುಂಟು. ಅವು ತಮ್ಮ ಕಟ್ಟಳೆಯನ್ನು ತಾವು ಅರಿಯವು. ನಾವು ಹೊಲದ ಮಧ್ಯೆ ನಿಂತು, ದಾರಿ ಎತ್ತ ಸಾಗುತ್ತಿದೆಯೆಂದು ತಲೆಯೆತ್ತಿ ನೋಡಬಲ್ಲೆವು. ಬೇಡವೆನಿಸಿದರೆ ಹೆಜ್ಜೆಯನ್ನು ಬೇರೆಡೆ ಇಡಬಲ್ಲೆವು.

ಆದಕಾರಣ ನಮ್ಮ ಬಾಂಧವರು, ಭಾಷೆಯ ಉಳಿವಿಗಾಗಿ ದೊಡ್ಡ ಸಭೆಗಳನ್ನೂ ದೊಡ್ಡ ಠರಾವುಗಳನ್ನೂ ಕಾಯುತ್ತ ಕುಳಿತುಕೊಳ್ಳದಿರಲಿ. ಶಾಲೆಯು ಅಕ್ಷರವನ್ನು ಕಲಿಸಬಲ್ಲದು, ಪುಸ್ತಕವನ್ನು ಕೈಗಿಡಬಲ್ಲದು. ಆದರೆ ಶಾಲೆಯ ಹೊತ್ತು ದಿನಕ್ಕೆ ಕೆಲವು ಗಂಟೆ ಮಾತ್ರ. ಉಳಿದ ಹೊತ್ತು ಮನೆಯದು. ರಾತ್ರಿಯ ಊಟದ ಹೊತ್ತಿನಲ್ಲಿ ಎಲೆಯ ಮುಂದೆ ಕುಳಿತವರೆಲ್ಲರ ಮಾತು ಕನ್ನಡವಾಗಿರಲಿ. ಮಗುವು ತಮಿಳಿನಲ್ಲಿ ಉತ್ತರ ಕೊಟ್ಟರೆ ಗದರದೆ ಮತ್ತೆ ಕನ್ನಡದಲ್ಲಿಯೇ ಮುಂದಿನ ಮಾತನ್ನು ಕೇಳೋಣ. ಅಣ್ಣತಮ್ಮಂದಿರೂ ಅಕ್ಕತಂಗಿಯರೂ ತಮ್ಮೊಳಗೆ ಆಡುವ ಮಾತಿಗೆ ವಿಶೇಷವಾಗಿ ಕಿವಿಗೊಡೋಣ. ಏಕೆಂದರೆ ಮುಂದೆ ಬಹುಕಾಲ ಮುಖಾಮುಖಿಯಾಗಿ ಬಾಳುವವರು ಅವರೇ. ಇವು ಮೂರೂ ಹಣವನ್ನಾಗಲಿ ಪಾಂಡಿತ್ಯವನ್ನಾಗಲಿ ಬೇಡದ ಕಟ್ಟಳೆಗಳು. ಒಂದು ಮನೆಯಲ್ಲಿ ಪಾಲಿಸಿದರೆ ಅದು ಒಂದು ಎಳೆ. ನೆರೆಯ ಮನೆಯೂ ಪಾಲಿಸಿದರೆ ಹಾಸಿಗೆ ಹೊಕ್ಕು ಕೂಡಿದಂತೆ. ಬಟ್ಟೆಯಾಗುವುದು ಹೀಗೆಯೇ.